ನಕ್ಕೋ

ಜೂನಿನಿಂದ ಆಕಿ ನೀರಿನ ಕೊಡದ ಮಗ್ಗಲಕ್ಕ ಕುಂತಾಳ.
ಮಾಹೆರಾ ನದಾಫ, ಒಂದನೇತ್ತ.
ಹೆಸರು ಕೂಗಿದ್ರ ಕೈ ಎತ್ತತಾಳ,
ಕೈಯಷ್ಟ ಹಾಜರ, ಬಾಯಿ ಗೈರಹಾಜರ.
ನನ್ನ ವಹಿಯಾಗ ಆಕಿ ಹೆಸರಿನ ಮುಂದ
ಪೆನ್ಸಿಲ್ಲೀಲೆ ಬರದಿದ್ದೆ: ಮಾತು ಬರೂದಿಲ್ಲ.
ಪೆನ್ನೀಲೆ ಬರಿಯೂ ಧೈರ್ಯ ಯಾಕೋ ಆಗಿದ್ದಿಲ್ಲ.

ನಾನು ನರಗುಂದದ ಕಡೆಯಾಕಿ.
ಸವಣೂರಿಗೆ ಬಂದು ಎರಡು ವರ್ಷ ಆದ್ರೂ
ಆಕಿ ಮನಿ ಮಾತು ನನಗ ಸಂತಿ ಗದ್ದಲ ಇದ್ದಂಗ,
ಎಲಿ ಕವಳಿಗಿ ಚೌಕಾಸಿ ಮಾಡಾಕ
ನಾಕು ಅಂಕಿ ಗೊತ್ತಿದ್ದವು, ಅಷ್ಟ.

ಅವತ್ತು ಹೊರಗ ಜಿಟಿಜಿಟಿ.
ಒಳಗ ಇಪ್ಪತ್ತಾರು ಒದ್ದಿ ತಲಿ, ಆರು ಚಾಪಿ.
ನರಿ ಕೋಳಿ ಕಥಿ ಸುರು ಮಾಡಿದ್ದೆ.
ಅರ್ಧ ಕ್ಲಾಸು ಕಥಿ ಕೇಳತಿತ್ತು,
ಉಳಿದರ್ಧ ನನ್ನ ತುಟಿ ಅಲ್ಲಾಡೂದು ನೋಡತಿತ್ತು.

ಬಿಸಿಯೂಟದ ಹುಸೇನಬಿ ಬಾಗಲಾಗ ನಿಂತಿದ್ಲು
ಬ್ಯಾಳಿ ತೊಳದ ಕೈ ಸೆರಗಿಗೆ ಒರಸಿಕೋತ.
ಒಂದು ಸಾಲು ನಾ ಹೇಳತೀನಿ, ಒಂದು ಸಾಲು ನೀವು, ಅಂದೆ.
ಕುಕ್ಕರ ಇಟ್ಟೀನ್ರಿ ಅಕ್ಕಾರ, ಅಂದ್ಲು.
ಮೂರು ಸೀಟಿ ತನಕ, ಅಂದೆ.

ಒಂದು ಕೋಳಿ ಇತ್ತು.
ಏಕ್ ಮುರ್ಗಿ ಥೀ.
ನೀರಿನ ಕೊಡದ ಹತ್ರ ಒಂದು ಕುತ್ತಿಗಿ ಉದ್ದ ಆತು.
ಒಂದು ನರಿ ಬಂತು, ಮೂರು ದಿನದ ಹಸಿವಿ.
ಕೋಲಾ ಆಯಾ, ತೀನ್ ದಿನ್ ಕಾ ಭೂಕಾ.
ತೀನ್ ಅಂದ್ರ ಎಷ್ಟು ಅಂತ ನಾ ಯಾರಿಗೂ ಹೇಳಲಿಲ್ಲ,
ಚಾಪಿ ಮ್ಯಾಲೆಲ್ಲಾ ಮೂರು ಮೂರು ಬೆರಳು ಎದ್ದು ನಿಂತವು.
ಮೊದಲನೇ ಸೀಟಿ.

ನರಿ ಕೋಳೀನ ಗಪ್ಪನ ಕಚ್ಚಿಕೊಂಡು
ದೊಡ್ಡಹುಣಸಿ ಮರದ ಪೊಟರಿ ಕಡೆ ನಡೀತು.
ನಮ್ಮೂರ ಮರ ಕಥಿಯೊಳಗ ಬಂತಂತ
ಹಿಂದಿನ ಚಾಪಿ ಮುಂದ ಜರಕೊಂತು.
ಕೋಳಿ ಏನಂತು?
ಪುಸ್ತಕದಾಗ ಬರೇ ಅಯ್ಯೋ ಅಂತ ಇತ್ತು.
ಹುಸೇನಬಿ ಕಾಯಲಿಲ್ಲ, ತಾನ ಕೋಳಿಯಾಗಿ
ಎರಡೂ ಮೊಣಕೈ ಬಡದ್ಲು:
ನಕ್ಕೋ! ನಕ್ಕೋ!

ಗುದ್ಲೆಪ್ಪ ಮಾಳಗಿ, ಮುಂದಿನ ಹಲ್ಲು ಬಿದ್ದಾಂವ,
ಚಾಪಿ ಬಿಟ್ಟು ಎದ್ದ:
ಅಕ್ಕಾರ, ಕೋಳಿ ನಗು ಅಂತರಿ! ನಕ್ಕೋ ಅಂತು!
ನರಿ ನಕ್ಕತು, ಬಾಯಿ ತಗೀತು,
ಕೋಳಿ ಭರ್ರ್!
ಎರಡನೇ ಸೀಟಿ ಯಾರಿಗೆ ಕೇಳಸ್ತು?
ಇಪ್ಪತ್ತೈದು ನರಿ ಬಾಯಿ ತಗದು ನಗತಿದ್ದವು.

ಆಗ ಕೊಡದ ಮಗ್ಗಲಿಂದ ಒಂದು ದನಿ,
ಸಣ್ಣದು, ಸಿಟ್ಟಿನದು:
ಹಂಗಲ್ಲ!
ನಕ್ಕೋ ಅಂದ್ರ ಬ್ಯಾಡ.
ಮುರ್ಗಿ ರೋತೀ ಥೀ.
ಅಳಾಕತ್ತಿತ್ತು ಕೋಳಿ.

ನಗು ನಿಂತು.
ಗುದ್ಲೆಪ್ಪ ಆಕಿ ಕಡೆ ನೋಡಿದ,
ಮೂಗು ಒರಸಿಕೊಂಡು ವಿಚಾರ ಮಾಡಿದ:
ಅಳೂದು ನರಿಗೆ ತಿಳೀಲಿಲ್ಲೇನ?
ಮಾಹೆರಾ ಅಂದ್ಲು:
ನರಿಗೆ ಮಾತು ಬರೂದಿಲ್ಲ.

ಮೂರನೇ ಸೀಟಿ. ಹುಸೇನಬಿ ಓಡಿದ್ಲು.
ನಾ ವಹಿ ತಗದು ರಬ್ಬರ ಹುಡುಕಿದೆ, ಸಿಗಲಿಲ್ಲ.
ಗುದ್ಲೆಪ್ಪನ ಕಡೆ ಇಸಕೊಂಡೆ,
ಹಲ್ಲಿದ್ದಾಗ ಅಂವ ಕಡದಿದ್ದ ಗುರುತು ಅದರ ಮ್ಯಾಲ.
ಅಳಿಸಿದ್ರೂ ಅಕ್ಷರದ ತಗ್ಗು ಉಳೀತು,
ಬೆರಳಾಡಿಸಿದ್ರ ಈಗೂ ಹತ್ತತದ.

ಚಪ್ಪರದ ದಾರಕ್ಕ ಒಂದು ಹಾಳಿ ತೂಗತದ:
ಮುಂದ ಬಾಯಿ ತಗದ ನರಿ, ಗುದ್ಲೆಪ್ಪಂದು,
ಹಿಂದ ಮಾಹೆರಾನ ಕೋಳಿ,
ಕಣ್ಣಿಗಿಂತ ದೊಡ್ಡ ನೀಲಿ ಹನಿ.
ಮೊನ್ನೆ ತಪಾಸಣಿಗೆ ಬಂದ ಸಾಹೇಬ್ರು ಕೇಳಿದ್ರು,
ಇದು ಯಾವ ಮೈಲಿಗಲ್ಲು? ಕನ್ನಡದ್ದೋ, ಯಾವುದರದ್ದು?
ಗಾಳಿಗೆ ಹಾಳಿ ತಿರಗತಿತ್ತು,
ಏನು ಹೇಳಬೇಕು ತಿಳೀದ
ಊಟ ಮಾಡಿಕೊಂಡು ಹೋಗ್ರಿ ಸರ, ಅಂದೆ.
ಬ್ಯಾಡ್ರಿ, ಅಂದ್ರು.

ಇಪ್ಪತ್ತಾರೂ ಮಂದಿ ಕೂಡೇ ನಕ್ಕರು.